ಏಕಾಂತಯ್ಯನವರ ಬಿಲ್ಲೆಗಳು

ಏಕಾಂತಯ್ಯನವರ ಅಂಗಿಗಳನ್ನು ಒಣಹಾಕಿದಾಗ ನೋಡಬೇಕು. ಕಾಲರ್ ಸವೆದಿರುವುದಿಲ್ಲ, ತೋಳು ಹರಿದಿರುವುದಿಲ್ಲ, ಎಡಗಡೆ ಜೇಬಿನ ಮೇಲೆ ಮಾತ್ರ ನುಸಿ ಹೊಡೆದ ಬೇಳೆಯ ಹಾಗೆ ತೂತು. ನಾನು ಅವರ ಎದುರುಮನೆಯವಳು, ಕುಸುಮಾ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಊರಿನವರ ಮಾತಿಗೆಲ್ಲ ಗಂಟು ಹಾಕಿ ರಿಟೈರಾದವಳು. ಈಗ ಬಸವೇಶ್ವರನಗರದ ನಮ್ಮ ತಾರಸಿಯ ಮೇಲೆ ನಿಂತು ಎದುರುಮನೆಯ ಬಟ್ಟೆ ನೋಡುವುದು ಬಿಟ್ಟರೆ ನನಗೆ ಹೇಳಿಕೊಳ್ಳುವಂಥ ಕೆಲಸವಿಲ್ಲ. ಇದನ್ನು ಯಾರಾದರೂ ಚಾಡಿ ಎಂದರೆ ಅನ್ನಲಿ, ನನಗೇನೂ ಬೇಜಾರಿಲ್ಲ.

ಆ ತೂತುಗಳಿಗೆ ಕಾರಣ ಬ್ಯಾಡ್ಜು. ತಗಡಿನದು, ಪ್ಲಾಸ್ಟಿಕ್ಕಿನ ಹೊದಿಕೆಯದು, ಹಿಂದೆ ಪಿನ್ನು, ಮುಂದೆ ಒಂದು ಘೋಷಣೆ. ಅವರ ಹೆಂಡತಿ ನೀಲಮ್ಮ ಅದನ್ನು ಬಿಲ್ಲೆ ಎನ್ನುತ್ತಾರೆ, ಅದೂ ಮೂಗು ಮುರಿದುಕೊಂಡು. ಏಕಾಂತಯ್ಯನವರು ಹಾಲು ತರಲು ಹೋಗುವಾಗಲೂ ಎದೆಯ ಮೇಲೆ ಒಂದು ಇರಲೇಬೇಕು. ಮನೆಯಲ್ಲಿ ಹಳೆಯ ಬಿಸ್ಕತ್ತಿನ ಡಬ್ಬದ ತುಂಬ ಅವೇ. ದಿನಕ್ಕೊಂದು ತೆಗೆದು ಚುಚ್ಚಿಕೊಂಡು ಹೊರಟರೆ, ಹಾಲಿನ ಬೂತಿನವನಿಂದ ಹಿಡಿದು ಪಾರ್ಕಿನಲ್ಲಿ ಕೈಕಾಲು ಆಡಿಸುವವರ ತನಕ ಅದರ ಇತಿಹಾಸ ಕೇಳಬೇಕು. ಕೇಳದಿದ್ದರೆ ಅವರೇ ಎದೆ ಮುಂದೆ ಮಾಡಿಕೊಂಡು ನಿಲ್ಲುತ್ತಾರೆ.

ಎಲ್ಲ ಶುರುವಾದದ್ದು ಹೋಳಿಗೆಯಿಂದ. ದಾವಣಗೆರೆ ಕಡೆಯ ಅವರ ಊರಿನಲ್ಲಿ, ಇವರು ಚಡ್ಡಿ ಹಾಕುತ್ತಿದ್ದ ಕಾಲಕ್ಕೆ, ಒಂದು ದೊಡ್ಡ ಸಮ್ಮೇಳನ ನಡೆಯಿತಂತೆ. ಏನು ಸಮ್ಮೇಳನ ಎಂದು ಕೇಳಿದರೆ ಇವತ್ತಿಗೂ ಅವರಿಗೆ ಗೊತ್ತಿಲ್ಲ. ಊಟಕ್ಕೆ ಪಂಕ್ತಿಯ ಮೇಲೆ ಪಂಕ್ತಿ. ಬ್ಯಾಡ್ಜ್ ಹಾಕಿದವರಿಗೆ ಮೊದಲ ಪಂಕ್ತಿ, ಮಿಕ್ಕವರಿಗೆ ಎಷ್ಟನೆಯದೋ. ಆ ಹೊತ್ತಿಗೆ ಹೋಳಿಗೆ ಮುಗಿದು ಬರೀ ಅನ್ನ ಸಾರು ಉಳಿದಿರುತ್ತದೆ ಎನ್ನುವುದು ಎಲ್ಲ ಸಮ್ಮೇಳನಗಳಿಗೂ ಗೊತ್ತಿರುವ ವಿಷಯ. ಚಪ್ಪರದ ಹಿಂದೆ ಬಿದ್ದಿದ್ದ ‘ಸ್ವಯಂಸೇವಕ’ ಎಂಬ ಬ್ಯಾಡ್ಜನ್ನು ಹುಡುಗ ಏಕಾಂತ ಎತ್ತಿಕೊಂಡ, ಚುಚ್ಚಿಕೊಂಡ, ಒಳಗೆ ಹೋಗಿ ಕೂತ. ಬಾಗಿಲಲ್ಲಿ ನಿಂತವನು ಇವನ ಎದೆ ನೋಡಿದನೇ ಹೊರತು ಮುಖ ನೋಡಲಿಲ್ಲ.

“ಅವತ್ತೇ ಅರ್ಥ ಆಯ್ತು ಕುಸುಮಮ್ಮ,” ಎಂದು ಅವರು ನನಗೆ ಹೇಳಿದ್ದಾರೆ. “ಬ್ಯಾಡ್ಜ್ ಇದ್ದೋನ್ನ ಯಾರಪ್ಪಾ ನೀನು ಅಂತ ಯಾರೂ ಕೇಳಲ್ಲ.”

ಈ ಒಂದು ಜ್ಞಾನದ ಮೇಲೆ ಮನುಷ್ಯ ಇಡೀ ಜೀವನ ನಡೆಸಿದರು. ಬೆಂಗಳೂರಿಗೆ ಬಂದು ಯಶವಂತಪುರದ ಕಡೆ ಒಂದು ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯಲ್ಲಿ ತಂತಿ ಸುತ್ತುವ ಕೆಲಸಕ್ಕೆ ಸೇರಿದರು. ಬಂದ ಹೊಸದರಲ್ಲೇ ತುರ್ತುಪರಿಸ್ಥಿತಿ. ‘ಮಾತು ಕಡಿಮೆ, ದುಡಿಮೆ ಹೆಚ್ಚು’ ಎಂಬ ಬ್ಯಾಡ್ಜನ್ನು ಕಾರ್ಖಾನೆಯಲ್ಲಿ ಹಂಚಿದರು. ಅದನ್ನು ಎದೆಗೆ ಚುಚ್ಚಿಕೊಂಡು ಏಕಾಂತಯ್ಯನವರು ಅದರ ಬಗ್ಗೆಯೇ ಟೀ ಹೊತ್ತೆಲ್ಲ ಮಾತಾಡುತ್ತಿದ್ದರಂತೆ. ಚುನಾವಣೆ ಮುಗಿದು ಸರ್ಕಾರ ಬಿದ್ದ ಮರುದಿನ ಆ ಬ್ಯಾಡ್ಜುಗಳೆಲ್ಲ ಕಾರ್ಖಾನೆ ಗೇಟಿನ ಮುಂದಿನ ಚರಂಡಿಯಲ್ಲಿದ್ದವು. ನಿನ್ನೆ ತನಕ ಎದೆಯ ಮೇಲಿದ್ದದ್ದು ಇವತ್ತು ಕೆಸರಲ್ಲಿ. ಇವರು ಪ್ಯಾಂಟು ಮಡಚಿ ಇಳಿದು ಆರಿಸಿಕೊಂಡರು. ಅಲ್ಲಿಂದ ಅವರಿಗೆ ಒಂದು ಸೂತ್ರ ಸಿಕ್ಕಿತು. ಘೋಷಣೆ ಗೆದ್ದಾಗ ಬ್ಯಾಡ್ಜ್ ಕೈಗೆ ಸಿಗುವುದಿಲ್ಲ, ಸೋತ ಮರುದಿನ ಬೇಕಾದಷ್ಟು ಸಿಗುತ್ತದೆ.

ಹಾಗೆ ಸೋತ ಘೋಷಣೆಗಳನ್ನೆಲ್ಲ ಮನೆಗೆ ತರುತ್ತಾ ಹೋದರು. ಎರಡು ಪಕ್ಷದ ಮೆರವಣಿಗೆ ಒಂದೇ ದಿನ ಮಾಗಡಿ ರಸ್ತೆಯಲ್ಲಿ ಬಂದರೆ ಎರಡಕ್ಕೂ ಹೋಗಿ, ಎರಡು ಕಡೆಯ ಉಪ್ಪಿಟ್ಟೂ ತಿಂದು, ಎರಡು ಬ್ಯಾಡ್ಜೂ ತಂದರು. ಭಾಷೆಯ ಚಳವಳಿಯ ಕೆಂಪು ಹಳದಿಯದು ಬಂತು. ಕಾರ್ಖಾನೆಯ ‘ಸುರಕ್ಷತೆ ಮೊದಲು’ ಬಂತು, ಅದನ್ನು ಚುಚ್ಚಿಕೊಳ್ಳುವಾಗಲೇ ಹೆಬ್ಬೆರಳಿಗೆ ಪಿನ್ನು ನಾಟಿ ರಕ್ತ ಬಂದಿತ್ತು. ರಸ್ತೆ ಅಗಲ ಮಾಡಬಾರದು ಎಂದು ಅಂಗಡಿಯವರು ಹಂಚಿದ್ದು ಬಂತು. ರಸ್ತೆ ಅಗಲವಾಯಿತು, ಅದರ ನಡುವೆ ಕಂಬ ಎದ್ದು ಮೆಟ್ರೋನೂ ಬಂತು, ಇವರು ಅದೇ ಬ್ಯಾಡ್ಜ್ ಹಾಕಿಕೊಂಡು ಮೆಟ್ರೋದಲ್ಲಿ ವಿಜಯನಗರಕ್ಕೆ ತರಕಾರಿ ತರಲು ಹೋದರು. ಮಿಕ್ಕದ್ದು ಹೆಗ್ಗನಹಳ್ಳಿಯ ಗುಜರಿ ಅಂಗಡಿಗಳಲ್ಲಿ ಮೊಳೆ, ನಟ್ಟು, ಬೋಲ್ಟಿನ ರಾಶಿಯಲ್ಲಿ ಕೈಯಾಡಿಸಿ ಹೆಕ್ಕಿದ್ದು.

ನನಗೆ ಬಹಳ ಇಷ್ಟವಾಗಿದ್ದು ‘ನಾವಿಬ್ಬರು, ನಮಗಿಬ್ಬರು’. ಆರೋಗ್ಯ ಕೇಂದ್ರದವರು ಕೊಟ್ಟ, ಕೆಂಪು ತ್ರಿಕೋನದ ಚಿತ್ರವಿದ್ದ ದುಂಡನೆಯ ಬ್ಯಾಡ್ಜು. ರುದ್ರಮುನಿ, ಸೌಂದರ್ಯಾ ಎಂಬ ಇಬ್ಬರು ಮಕ್ಕಳು ಹುಟ್ಟಿದ ಮೇಲೆ ಅದನ್ನು ಹಾಕಿಕೊಂಡು ಬೀದಿಗೆಲ್ಲ ಬುದ್ಧಿ ಹೇಳಿದರು. ಮಾರನೆಯ ವರ್ಷ ನೀಲಮ್ಮನವರಿಗೆ ದಿನ ತುಂಬಿತು. ಆಸ್ಪತ್ರೆಗೂ ಇವರು ಅದನ್ನೇ ಹಾಕಿಕೊಂಡು ಹೋಗಿದ್ದರು. ನರ್ಸು ಕಲ್ಮೇಶನನ್ನು ಬಟ್ಟೆಯಲ್ಲಿ ಸುತ್ತಿ ತಂದವಳು ಇವರ ಎದೆ ನೋಡಿ, ಮಗುವನ್ನು ಇವರ ಕೈಗೆ ಕೊಡಬೇಕೋ ಬೇಡವೋ ಎಂದು ಹಿಂದೆ ಮುಂದೆ ನೋಡಿದಳಂತೆ. ಈಗ ಅದೇ ಕಲ್ಮೇಶ ಹೆಂಡತಿಯ ಜೊತೆ ಮಹಡಿಯ ಮೇಲಿದ್ದಾನೆ. ಯಾರಾದರೂ ಆ ಬ್ಯಾಡ್ಜಿನ ಮಾತೆತ್ತಿದರೆ “ನಾನು ಅಪ್ಪನ ಕಲೆಕ್ಷನ್‌ನಲ್ಲಿ ಎಕ್ಸ್‌ಟ್ರಾ ಪೀಸು” ಎನ್ನುತ್ತಾನೆ.

ಇಷ್ಟೆಲ್ಲ ಇದ್ದರೂ ಡಬ್ಬದಲ್ಲಿ ಒಂದು ಬ್ಯಾಡ್ಜು ಇರಲಿಲ್ಲ. ಅವರ ಮಾತು ಎಲ್ಲಿಂದ ಶುರುವಾದರೂ ಬಂದು ನಿಲ್ಲುವುದು ಆ ಇಲ್ಲದ ಬ್ಯಾಡ್ಜಿನ ಹತ್ತಿರ. ಎಂಬತ್ತರ ದಶಕದ ಶುರುವಿನಲ್ಲಿ ಅವರ ಕಾರ್ಖಾನೆಯಲ್ಲಿ ದೊಡ್ಡ ಮುಷ್ಕರವಾಯಿತು. ಯೂನಿಯನ್ನಿನವರು ‘ಬಗ್ಗೆವು, ಬಿಡೆವು’ ಎಂದು ಬರೆದ ಬ್ಯಾಡ್ಜು ಮಾಡಿಸಿದರು. ಮಾಡಿಸಿದ್ದೇ ಕೆಲವು, ಮುಷ್ಕರ ಮುರಿದ ಮೇಲೆ ಅವೂ ಹೇಳಹೆಸರಿಲ್ಲದೆ ಹೋದವು. ಇವರದು ಹೇಗೆ ಹೋಯಿತು ಎನ್ನುವುದು ನಮ್ಮ ಬೀದಿಯ ಮಕ್ಕಳಿಗೂ ಬಾಯಿಪಾಠ. ಮೆರವಣಿಗೆ, ಮುಂದಿನ ಸಾಲು, ಪೊಲೀಸರು, ಲಾಠಿ. ಒಂದು ಏಟು ಹೆಗಲಿಗೆ ಬಿತ್ತು, ಬ್ಯಾಡ್ಜು ಕಿತ್ತು ಹಾರಿತು, ಬಗ್ಗಿ ಎತ್ತಿಕೊಳ್ಳೋಣವೆಂದರೆ ‘ಬಗ್ಗೆವು’ ಎಂದು ಬರೆದಿದೆಯಲ್ಲ, ಬಗ್ಗಲಿಲ್ಲ. ಇಷ್ಟು ಹೇಳಿ ಎಡಗಡೆಯ ಹೆಗಲನ್ನು ಸವರಿಕೊಳ್ಳುತ್ತಾರೆ. ಮಳೆಗಾಲದಲ್ಲಿ ಬಲಗಡೆಯದನ್ನೂ ಸವರಿಕೊಳ್ಳುವುದುಂಟು.

ಅವರ ಜೊತೆ ಕೆಲಸ ಮಾಡುತ್ತಿದ್ದ ಮೂಡಲಪಾಳ್ಯದ ಚಿಕ್ಕಮುನಿಯಪ್ಪ ಬದುಕಿರುವ ತನಕ ಆಗಾಗ ಇವರ ಮನೆಗೆ ಬರುತ್ತಿದ್ದರು. ಈ ಕತೆ ಶುರುವಾದ ಕೂಡಲೇ ಅವರು ನೆತ್ತಿಯ ಮೇಲಿನ ಉದ್ದದ ಗಾಯದ ಕಲೆ ಕೆರೆದುಕೊಂಡು ಸುಮ್ಮನೆ ನಗುತ್ತಿದ್ದರು. ನೀಲಮ್ಮ ಆಗ ಎದ್ದು ಒಳಗೆ ಹೋಗಿಬಿಡುತ್ತಿದ್ದರು. ಕೇಳಿ ಕೇಳಿ ಸಾಕಾಗಿರಬೇಕು ಎಂದು ನಾನಂದುಕೊಂಡಿದ್ದೆ.

ನಮ್ಮನೆಯ ಮೇಲಿನ ಭಾಗದಲ್ಲಿ ನಿಖಿತಾ ಎಂಬ ಹುಡುಗಿ ಬಾಡಿಗೆಗಿದ್ದಾಳೆ. ನಾಗರಬಾವಿಯ ಒಂದು ಕಾಲೇಜಿನಲ್ಲಿ ಇತಿಹಾಸದ ಪಾಠ ಮಾಡುತ್ತಾಳೆ. ಈ ಸಲದ ರಾಜ್ಯೋತ್ಸವಕ್ಕೆ ಕಾಲೇಜಿನಲ್ಲಿ ಬೆಂಗಳೂರಿನ ಘೋಷಣೆಗಳ ಬಗ್ಗೆ ಒಂದು ಪ್ರದರ್ಶನ ಮಾಡುತ್ತೇವೆ, ಹಳೇ ಭಿತ್ತಿಪತ್ರ, ಬ್ಯಾನರ್ ಏನಾದರೂ ಸಿಗುತ್ತಾ ಆಂಟಿ ಎಂದು ಕೇಳಿದಳು. ನಾನು ಅವಳ ಭುಜ ಹಿಡಿದು ಕಿಟಕಿಯ ಕಡೆ ತಿರುಗಿಸಿದೆ. ಎದುರುಮನೆಯ ಗೇಟಿನಲ್ಲಿ ಏಕಾಂತಯ್ಯನವರು ‘ನೇತ್ರದಾನ ಮಹಾದಾನ’ ಹಾಕಿಕೊಂಡು ಕಸದ ಗಾಡಿಗೆ ಕಾಯುತ್ತಿದ್ದರು.

ಡಬ್ಬವನ್ನು ನೋಡಿ ನಿಖಿತಾ ಹುಚ್ಚಿಯ ಹಾಗಾದಳು. ಮೊದಲ ದಿನ ಸುಮ್ಮನೆ ಮಾತಾಡಿಸಲು ಹೋಗಿದ್ದವಳು, ಕ್ಯಾಮೆರಾ ತಂದು ಒಂದೊಂದನ್ನೂ ಸರಿಯಾಗಿ ನೋಡುತ್ತೇನೆ, ವಿಜಯದಶಮಿ ದಿನ ರಜೆ ಇದೆ, ಬರ್ತೀನಿ ಎಂದಳು. ಇವುಗಳಿಗೇ ಬೇರೆ ಒಂದು ಗಾಜಿನ ಪೆಟ್ಟಿಗೆ. ಅದರ ಮೇಲೆ ಬೋರ್ಡು. ಬೋರ್ಡಿನ ಮೇಲೆ ‘ಏಕಾಂತಯ್ಯನವರ ಸಂಗ್ರಹ’.

“ನನ್ನ ಹೆಸರಾ?” ಎಂದರು ಏಕಾಂತಯ್ಯನವರು.

“ಮತ್ತೆ ಯಾರದು ಸಾರ್?”

ಅವರು ಮಾತಾಡದೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಜೀವನವೆಲ್ಲ ಊರವರ ಘೋಷಣೆ ಎದೆಗೆ ಚುಚ್ಚಿಕೊಂಡು ಓಡಾಡಿದವರಿಗೆ ಒಂದು ಕಡೆ ತಮ್ಮ ಹೆಸರು ಬರೆದಿರುತ್ತದೆ ಎನ್ನುವುದು ಎಷ್ಟು ದೊಡ್ಡದು ಎಂದು ನನಗೆ ಆಗ ಅರ್ಥವಾಯಿತು. ನಾನೂ ಸೆರಗಿನಿಂದ ಕಣ್ಣೊರೆಸಿಕೊಂಡೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಅವರು ಬೀದಿಗೆಲ್ಲ ಹೋಗಿ ಹೋಗಿ ಹೇಳಿ, ಇಸ್ತ್ರಿ ಅಂಗಡಿಯವನನ್ನೂ ಪ್ರದರ್ಶನಕ್ಕೆ ಕರೆದು ಬಂದದ್ದು ನೋಡಿ ಆ ಕಣ್ಣು ತಾನಾಗಿ ಒಣಗಿತು.

ಹೊಸ ಬಿಳಿ ಅಂಗಿಗೆ ಬಟ್ಟೆ ತಂದು ಹೊಲಿಯಲು ಹಾಕಿದರು. ಕನ್ನಡಿಯ ಮುಂದೆ ನಿಂತು ಒಂದೊಂದು ಬ್ಯಾಡ್ಜಿನ ಚರಿತ್ರೆ ಹೇಳಿಕೊಂಡರು. ಪ್ರತಿ ಸಲ ಹೇಳುವಾಗಲೂ ಇವರ ಪಾತ್ರ ಸ್ವಲ್ಪ ಹೆಚ್ಚಾಗುತ್ತಿತ್ತು. ಬಿಟ್ಟಿದ್ದರೆ ಸ್ವಾತಂತ್ರ್ಯ ಹೋರಾಟಕ್ಕೂ ಹೋಗಿಬರುತ್ತಿದ್ದರೋ ಏನೋ.

ಆಯುಧಪೂಜೆಯ ಬೆಳಿಗ್ಗೆ. ಆ ದಿನ ನಮ್ಮ ಬೀದಿಯಲ್ಲಿ ಕಬ್ಬಿಣ ಎನ್ನುವ ಪದಾರ್ಥ ಯಾವುದಿದ್ದರೂ ಸ್ನಾನ ಮಾಡಬೇಕು. ಕಾರು, ಬೈಕು, ಸೈಕಲ್ಲು, ಚಾಕು, ಈಳಿಗೆಮಣೆ, ಸುತ್ತಿಗೆ, ಹೊಲಿಗೆ ಯಂತ್ರ, ಮಿಕ್ಸಿ, ಎಲ್ಲಕ್ಕೂ ನೀರು, ಇಬತ್ತಿ, ಹೂವು. ಏಕಾಂತಯ್ಯನವರು ಸ್ಕೂಟರ್ ಮಾರಿದ ಮೇಲೆ ಅವರಿಗೆಂದು ಪೂಜೆಗೆ ಇಡುವ ವಸ್ತು ಯಾವುದೂ ಇರಲಿಲ್ಲ. ಈ ವರ್ಷ ಗತ್ತು ಬಂದಿತ್ತಲ್ಲ, ಬಿಸ್ಕತ್ತಿನ ಡಬ್ಬ ತಂದು ನೀಲಮ್ಮನ ಮುಂದೆ ಇಟ್ಟರು.

“ಇದನ್ನೂ ಪೂಜೆಗೆ ಇಡು. ನನ್ನ ಆಯುಧ ಇದೇ.”

ಇಷ್ಟು ಹೇಳಿ ಬೂದುಗುಂಬಳಕಾಯಿ, ಬಾಳೆಕಂದು, ಸೇವಂತಿಗೆ ತರಲು ವಿಜಯನಗರದ ಮಾರ್ಕೆಟ್ಟಿಗೆ ಹೋದರು. ಹಬ್ಬದ ದಿನ ಆ ಮಾರ್ಕೆಟ್ಟಿಗೆ ಹೋದವರು ಬೇಗ ಬಂದದ್ದುಂಟೇ. ಬಾಳೆಕಂದನ್ನು ಆಟೋದಲ್ಲಿ ಅಡ್ಡ ಇಟ್ಟು, ಅದರ ಎಲೆ ಹೊರಗೆ ಚಾಚಿ ಯಾರದೋ ಮುಖಕ್ಕೆ ತಾಗಿ, ಅವರ ಹತ್ತಿರ ಜಗಳವಾಡಿ, ಅಂತೂ ಬಂದು ಇಳಿದರು. ನಾನು ನಮ್ಮ ಗೇಟಿಗೆ ಮಾವಿನೆಲೆ ಕಟ್ಟುತ್ತಿದ್ದೆ. ಒಳಗೆ ಹೋದ ಏಕಾಂತಯ್ಯನವರು ಒಂದು ಥರ ಕೂಗಿಕೊಂಡರು. ಹಾವು ಬಂದಿರಬೇಕು ಎಂದು ನಾನು ಮಾವಿನೆಲೆ ಬಿಸಾಕಿ ಓಡಿದೆ.

ದೇವರ ಮುಂದೆ ಹಿತ್ತಾಳೆಯ ದೊಡ್ಡ ತಟ್ಟೆ. ಅದರಲ್ಲಿ ಈಳಿಗೆಮಣೆ, ಎರಡು ಚಾಕು, ಕಲ್ಮೇಶನ ಬೈಕಿನ ಕೀಲಿ, ಒಂದು ಸ್ಕ್ರೂಡ್ರೈವರ್. ಸುತ್ತ ಕೋಡುಬಳೆ ಜೋಡಿಸಿದ ಹಾಗೆ ಸಾಲಾಗಿ ಬ್ಯಾಡ್ಜುಗಳು. ಒಂದೊಂದೂ ಫಳಫಳ ಹೊಳೆಯುತ್ತಿತ್ತು. ಒಂದೊಂದರ ಮೇಲೂ ಇಬತ್ತಿಯ ಗೆರೆ, ಕುಂಕುಮದ ಚುಕ್ಕೆ, ಒಂದು ಎಸಳು ಸೇವಂತಿಗೆ. ಇಬತ್ತಿಯ ಕೆಳಗೆ ಇದ್ದದ್ದು ಬರೀ ತಗಡು.

“ಏನೇ ಇದು?”

“ನಿಮ್ಮ ಬಿಲ್ಲೆ,” ಎಂದರು ನೀಲಮ್ಮ. ಮುಖ ಅರಳಿಸಿಕೊಂಡು ನಿಂತಿದ್ದರು. “ಬೆಳ್ಳಿ ಥರ ಬಂದಿವೆ ನೋಡಿ. ಎಷ್ಟು ಕಿಲುಬು ಹಿಡಿದಿತ್ತು ಗೊತ್ತಾ? ಪ್ಲಾಸ್ಟಿಕ್ ಕಾಗದ ಎಲ್ಲ ನೆನೆಹಾಕಿ ಕಿತ್ತೆ. ಹುಣಸೆಹಣ್ಣಿಗೂ ಬಗ್ಗಲಿಲ್ಲ, ಕೊನೆಗೆ ರಂಗೋಲಿ ಪುಡಿ ಹಾಕಿ ಸ್ಟೀಲ್ ನಾರಲ್ಲಿ ತಿಕ್ಕಿದೆ.”

“ಬರಹ ಎಲ್ಲೇ?”

“ಯಾವ ಬರಹ?”

“ಮೇಲೆ ಬರೆದಿತ್ತಲ್ಲೇ! ಘೋಷಣೆ!”

ನೀಲಮ್ಮ ತಟ್ಟೆ ನೋಡಿದರು, ಗಂಡನನ್ನು ನೋಡಿದರು. ಅರಳಿದ್ದ ಮುಖ ನಿಧಾನವಾಗಿ ಇಳಿಯಿತು. “ಪೂಜೆಗೆ ಇಡು ಅಂದಿದ್ದು ನೀವೇ ತಾನೇ? ತೊಳೀದೆ ಯಾರಾದ್ರೂ ಪೂಜೆಗೆ ಇಡ್ತಾರಾ?”

ನನಗೆ ನಗು ಬಂತು. ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಆಮೇಲೆ ಏಕಾಂತಯ್ಯನವರು ತಟ್ಟೆಯ ಮುಂದೆ ಕೂತು ಒಂದು ಬಿಲ್ಲೆಯನ್ನು ಎತ್ತಿ, ಇಬತ್ತಿಯನ್ನು ಹೆಬ್ಬೆರಳಿಂದ ಒರೆಸಿ, ಕೆಳಗೆ ಏನಾದರೂ ಉಳಿದಿದೆಯಾ ಎಂದು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಅದನ್ನಿಟ್ಟು ಇನ್ನೊಂದು ಎತ್ತಿದರು. ನನ್ನ ನಗು ಅಲ್ಲಿಗೆ ನಿಂತಿತು. ಕುಂಬಳಕಾಯಿ ಒಡೆಯಲು ಕರೆದರೆ ಅವರು ಏಳಲಿಲ್ಲ. ಕಲ್ಮೇಶನೇ ಒಡೆದ.

ಅಡುಗೆಮನೆಯಲ್ಲಿ ನೀಲಮ್ಮ ಪಾಯಸ ತಿರುವುತ್ತಾ ಅಳುತ್ತಿದ್ದರು.

“ಬೈಕೊಂಡೇ ಬಂದೆ ಕುಸುಮಾ, ಮದುವೆ ಆದಾಗಿಂದ. ಅಂಗಿ ಹೊಲಿದು ಹೊಲಿದು ನನ್ನ ಕಣ್ಣು ಹೋಯ್ತು. ಇದೊಂದ್ಸಲ ಕಾಲೇಜಿನೋರು ಬರ್ತಾರೆ, ಇವರ ಸಾಮಾನು ಹೊಲಸಾಗಿ ಕಾಣಬಾರ್ದು ಅಂತ ತಿಕ್ಕಿದೆ. ನೋಡು ಇಲ್ಲಿ.” ಉಗುರುಗಳನ್ನು ತೋರಿಸಿದರು. ಸವೆದು ಕೆಂಪಾಗಿದ್ದವು. ಬೈದಷ್ಟು ದಿನವೂ ಆ ಡಬ್ಬಕ್ಕೆ ಏನೂ ಆಗಿರಲಿಲ್ಲ, ಪ್ರೀತಿಯಿಂದ ಮುಟ್ಟಿದ ಒಂದೇ ದಿನಕ್ಕೆ ಎಲ್ಲ ಮುಗಿದಿತ್ತು. ನಾನು ಪಾಯಸದ ಸೌಟು ಇಸಿದುಕೊಂಡೆ, ತಳ ಹಿಡಿಯುತ್ತಿತ್ತು.

ಮಾರನೆಯ ದಿನ ನಿಖಿತಾ ಕ್ಯಾಮೆರಾ ಹಿಡಿದು ಬಂದಳು. ನಾನೂ ಜೊತೆಗೆ ಹೋದೆ. ಏನಾಗಿದೆ ಎಂದು ದಾರಿಯಲ್ಲೇ ಹೇಳಬೇಕಿತ್ತು. ಆದರೆ ನಮ್ಮ ಎರಡು ಮನೆಗಳ ನಡುವೆ ಇರುವ ದಾರಿಯಾದರೂ ಎಷ್ಟು? ಬಾಯಿ ತೆರೆಯುವಷ್ಟರಲ್ಲಿ ಗೇಟು ಬಂತು. ಏಕಾಂತಯ್ಯನವರು ಮೊದಲು ಬಚ್ಚಲು ಸೇರಿಕೊಂಡು ಚಿಲಕ ಹಾಕಿಕೊಂಡರು. ಒಳಗೆ ನೀರಿನ ಸದ್ದೂ ಇರಲಿಲ್ಲ. “ಬರ್ತೀರೋ, ಇಲ್ಲ ಪ್ಲಂಬರ್‌ನ ಕರೀಲೋ?” ಎಂದು ನಾನು ಕೂಗಿದ ಮೇಲೆ ಹೊರಗೆ ಬಂದರು.

ತಟ್ಟೆಯನ್ನು ಟೀಪಾಯಿಯ ಮೇಲೆ ಇಟ್ಟರು. ನಿಖಿತಾ ನೋಡಿದಳು. ಪಾಪ, ತೆಗೆದಿದ್ದ ಕ್ಯಾಮೆರಾದ ಮುಚ್ಚಳವನ್ನು ಮತ್ತೆ ಹಾಕಿದಳು. ಏಕಾಂತಯ್ಯನವರು ಗಂಟಲು ಸರಿಮಾಡಿಕೊಂಡರು. ಒಂದು ಹೊಳೆಯುವ ಬಿಲ್ಲೆ ಎತ್ತಿ, “ಇದು ಎಮರ್ಜೆನ್ಸಿದು. ಮಾತು ಕಡಿಮೆ, ದುಡಿಮೆ ಹೆಚ್ಚು,” ಎಂದು ಅದರ ಚರಿತ್ರೆಯನ್ನೆಲ್ಲ ಹೇಳಿದರು. ಕೆಳಗಿಟ್ಟರು. ಇನ್ನೊಂದೆರಡು ಆದ ಮೇಲೆ ಅದೇ ಬಿಲ್ಲೆಯನ್ನು ಎತ್ತಿ, “ಇದು ಫ್ಯಾಮಿಲಿ ಪ್ಲಾನಿಂಗು,” ಎಂದರು.

“ಅಪ್ಪಾ, ಅದು ಈಗ ತಾನೇ ಎಮರ್ಜೆನ್ಸಿ ಆಗಿತ್ತು,” ಎಂದ ಬಾಗಿಲಲ್ಲಿ ನಿಂತಿದ್ದ ಕಲ್ಮೇಶ.

ಏಕಾಂತಯ್ಯನವರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಯಾವುದು ಯಾವುದೆಂದು ಅವರಿಗೇ ತಿಳಿಯುತ್ತಿರಲಿಲ್ಲ. ಬರಹ ಹೋದ ಮೇಲೆ ಎಲ್ಲ ಪಕ್ಷವೂ ಒಂದೇ, ಎಲ್ಲ ಚಳವಳಿಯೂ ಒಂದೇ, ಒಂದೇ ಗಾತ್ರದ ತಗಡು.

“ಸಾರ್, ತಪ್ಪು ತಿಳ್ಕೋಬೇಡಿ,” ಎಂದಳು ನಿಖಿತಾ ಮೆಲ್ಲಗೆ. “ಪ್ರದರ್ಶನ ಇರೋದೇ ಘೋಷಣೆಗಳ ಬಗ್ಗೆ. ಬರಹ ಇಲ್ದೆ ಇಡೋಕಾಗಲ್ಲ. ಗಾಜಿನ ಪೆಟ್ಟಿಗೆ ಬೇರೆ ಯಾರಿಗಾದ್ರೂ ಕೊಡಬೇಕಾಗುತ್ತೆ.”

“ಬೋರ್ಡು?”

ಅವಳು ತಲೆ ತಗ್ಗಿಸಿದಳು. ಏಕಾಂತಯ್ಯನವರೂ ಸೋತರು ಎಂದು ನನಗೆ ಅನ್ನಿಸಿದ್ದು ಆಗ. ಆದರೆ ಸೋಲುವಾಗಲೂ ಆ ಮನುಷ್ಯನ ಬಾಯಿ ಮುಚ್ಚಬೇಕಲ್ಲ.

“ಅದೊಂದು ಇದ್ದಿದ್ರೆ ಸಾಕಿತ್ತಮ್ಮ. ಬಗ್ಗೆವು, ಬಿಡೆವು. ಲಾಠಿ ಚಾರ್ಜಲ್ಲಿ ಹೋಯ್ತು. ನಾನು ಮುಂದಿನ ಸಾಲಲ್ಲಿ ಇದ್ದೆ. ಒಂದು ಏಟು ಇಲ್ಲಿಗೆ...” ಎಂದು ಹೆಗಲಿಗೆ ಕೈ ಒಯ್ದರು.

ನೀಲಮ್ಮ ಎದ್ದರು. ಮಾಮೂಲಿನ ಹಾಗೆ ಒಳಗೆ ಹೋಗಿಬಿಟ್ಟರು ಎಂದುಕೊಂಡೆ. ಕೋಣೆಯಲ್ಲಿ ಬೀರುವಿನ ಬಾಗಿಲು ತೆಗೆದ ಸದ್ದಾಯಿತು, ನುಸಿಗುಳಿಗೆಯ ವಾಸನೆ ನಡುಮನೆಯ ತನಕ ಬಂತು. ಹೊರಗೆ ಬಂದಾಗ ಅವರ ಕೈಯಲ್ಲಿ ಮದುವೆಯ ಸೀರೆ ಇತ್ತು, ಕೆಂಪು ರೇಷ್ಮೆ, ಜರಿ ಕಪ್ಪಾಗಿತ್ತು. ಅದರ ಮಡಿಕೆಯೊಳಗಿಂದ ಹತ್ತಿಯ ಒಂದು ಉಂಡೆ ತೆಗೆದರು. ಹತ್ತಿ ಬಿಡಿಸಿ ಒಳಗಿದ್ದದ್ದನ್ನು ಟೀಪಾಯಿಯ ಮೇಲೆ, ತಟ್ಟೆಯ ಪಕ್ಕದಲ್ಲಿ ಇಟ್ಟರು.

ಬಿಳಿಯ ಮೇಲೆ ಕೆಂಪಕ್ಷರ. ಅಂಚಿನಲ್ಲಿ ಒಂದಿಷ್ಟು ತುಕ್ಕು. ಬಗ್ಗೆವು, ಬಿಡೆವು.

ಏಕಾಂತಯ್ಯನವರ ಕೈ ಇನ್ನೂ ಹೆಗಲ ಮೇಲೆಯೇ ಇತ್ತು.

“ಲಾಠಿ ಚಾರ್ಜ್ ಆದ ದಿನ ನಮ್ಮ ಮದುವೆ ಕಣಮ್ಮ,” ಎಂದರು ನೀಲಮ್ಮ ನಿಖಿತಾಳಿಗೆ. “ರಾಜಾಜಿನಗರದ ಛತ್ರದಲ್ಲಿ. ಇವರು ಕೋಟಿನ ಮೇಲೆ ಈ ಬಿಲ್ಲೆ ಹಾಕ್ಕೊಂಡು ಬಂದಿದ್ರು. ನಮ್ಮಪ್ಪ, ಇದೇನು ಮದುಮಗನೋ ಕಂಡಕ್ಟರೋ ಅಂತ ಬೈದ್ರು. ಮಂಟಪದಲ್ಲಿ ನನ್ನ ಸೆರಗಿನ ಪಿನ್ನು ಪಟ್ ಅಂತ ಮುರೀತು. ಸೆರಗು ಜಾರ್ತಾ ಇದೆ, ಎಲ್ಲರೂ ನೋಡ್ತಾ ಇದಾರೆ, ಒಬ್ಬರ ಹತ್ರಾನೂ ಪಿನ್ನಿಲ್ಲ. ನಂಗೆ ಅಳು. ಇವರು ಸುಮ್ಮನೆ ಇದನ್ನ ಕಿತ್ತು ನಮ್ಮಕ್ಕನ ಕೈಗೆ ಕೊಟ್ರು. ಅಕ್ಕ ಬರಹ ಕಾಣದ ಹಾಗೆ ಒಳಮುಖ ಮಾಡಿ ಚುಚ್ಚಿದ್ಲು. ತಾಳಿ ಆಮೇಲೆ ಬಂತು. ಇವರು ನಂಗೆ ಕೊಟ್ಟ ಮೊದಲನೇ ಒಡವೆ ಇದು.”

“ಮತ್ತೆ ಲಾಠಿ?” ಎಂದಳು ನಿಖಿತಾ.

“ಅದು ಚಿಕ್ಕಮುನಿಯಪ್ಪನೋರಿಗೆ ಬಿದ್ದಿದ್ದು. ತಲೆಗೆ ಪಟ್ಟಿ ಕಟ್ಕೊಂಡು ಸಾಯಂಕಾಲ ಊಟಕ್ಕೆ ಬಂದಿದ್ರು.”

ಏಕಾಂತಯ್ಯನವರ ಕೈ ಹೆಗಲಿಂದ ಮೆಲ್ಲಗೆ ಕೆಳಗಿಳಿಯಿತು. “ಯೂನಿಯನ್ನೋರು ಬ್ಯಾಡ್ಜ್ ಎಲ್ಲಯ್ಯ ಅಂತ ಕೇಳಿದ್ರು,” ಎಂದರು ನೆಲ ನೋಡುತ್ತಾ. “ಎಲ್ಲರೂ ಏಟು ತಿಂದು ಬಂದಿದ್ರು. ಅವರ ಮುಂದೆ ಹೆಂಡ್ತಿ ಸೆರಗಿಗೆ ಚುಚ್ಚಿದೆ ಅಂತ ಹೆಂಗೆ ಹೇಳಲಿ? ಒಂದ್ಸಲ ಹೇಳಿದ್ದು... ಆಮೇಲೆ ನಂಗೂ ಹಂಗೇ ಅನ್ಸೋಕೆ ಶುರುವಾಯ್ತು.” ಆಮೇಲೆ ಹೆಂಡತಿಯ ಕಡೆ ತಿರುಗಿದರು. “ಮದುವೆ ಗಲಾಟೆಲಿ ಎಲ್ಲೋ ಬಿದ್ದುಹೋಯ್ತು ಅಂದ್ಕೊಂಡಿದ್ದೆ. ನಿನ್ನ ಹತ್ರಾನೇ ಇದೆ ಅಂತ ಇಷ್ಟು ವರ್ಷ ಒಂದು ಮಾತು ಹೇಳ್ಲಿಲ್ವಲ್ಲೇ.”

“ನೀವು ಕೇಳಿದ್ರಾ? ಬರೀ ಲಾಠಿ ಏಟು ತಿನ್ನೋದ್ರಲ್ಲೇ ಇದ್ರಿ.”

ನನಗೆ ತಡೆಯಲಾಗಲಿಲ್ಲ. “ನೀಲಮ್ಮನೋರೆ, ಎಲ್ಲಾನೂ ತಿಕ್ಕಿದ್ರಲ್ಲ, ಇದನ್ಯಾಕೆ ಬಿಟ್ರಿ?”

“ಇದು ಆಯುಧ ಅಲ್ವಲ್ಲ ಕುಸುಮಾ,” ಎಂದರು ಅವರು. “ಒಡವೆ.”

ನಿಖಿತಾ ಆ ಬಿಲ್ಲೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ಹಿಂದೆ ಮುಂದೆ ನೋಡಿದಳು. ಇದೊಂದೇ ಸಾಕು, ಗಾಜಿನ ಪೆಟ್ಟಿಗೆಯಲ್ಲಿ ಇದನ್ನೇ ಇಡೋಣ, ಈ ಕತೆಯನ್ನೂ ಬರೆಯೋಣ ಎಂದಳು. ಏಕಾಂತಯ್ಯನವರು ಬೆನ್ನು ನೆಟ್ಟಗೆ ಮಾಡಿ ಕೂತರು. ಬೋರ್ಡು ಮತ್ತೆ ಕಣ್ಣ ಮುಂದೆ ಬಂದಿರಬೇಕು.

“ಕೊಡ್ತೀನಿ,” ಎಂದರು ನೀಲಮ್ಮ. “ಆದ್ರೆ ಇದು ನಂದು. ನನ್ನ ಹೆಸರು ಹಾಕಬೇಕು.”

ನೀಲಮ್ಮ ಅದನ್ನು ಸೇಡಿಗೆ ಹೇಳಲಿಲ್ಲ, ಹೋರಾಟಕ್ಕೂ ಹೇಳಲಿಲ್ಲ. ಅಂಗಡಿಯಲ್ಲಿ ಬಿಟ್ಟು ಬಂದ ಛತ್ರಿಯನ್ನು ನನ್ನದು ಎಂದು ಕೇಳಿದ ಹಾಗೆ ಕೇಳಿದರು. ಏಕಾಂತಯ್ಯನವರು ತಟ್ಟೆಯ ತುಂಬ ಇದ್ದ ಹೆಸರಿಲ್ಲದ ಬಿಲ್ಲೆಗಳನ್ನು ಒಂದು ಸಲ ನೋಡಿದರು, ಹೆಂಡತಿಯ ಸವೆದ ಉಗುರುಗಳನ್ನು ನೋಡಿದರು.

“ಅವಳದೇ ಅಮ್ಮ,” ಎಂದರು. “ಅವಳ ಹೆಸರೇ ಹಾಕಿ.”

ಹೇಳಿ ಎದ್ದು ಬಚ್ಚಲಿಗೆ ಹೋದರು. ಈ ಸಲ ನೀರಿನ ಸದ್ದು ಜೋರಾಗಿಯೇ ಕೇಳಿಸಿತು.

ನವೆಂಬರಿನಲ್ಲಿ ನಾವೆಲ್ಲ ಕಲ್ಮೇಶ ಬುಕ್ ಮಾಡಿದ ಕ್ಯಾಬಿನಲ್ಲಿ ನಾಗರಬಾವಿಗೆ ಹೋದೆವು. ಕಾಲೇಜಿನ ತುಂಬ ಕೆಂಪು ಹಳದಿ ಬಾವುಟ, ಹಾಡು, ಕಿವಿ ಕಿತ್ತುಹೋಗುವ ಸ್ಪೀಕರು. ಏಕಾಂತಯ್ಯನವರು ಹೊಲಿಸಿದ್ದ ಹೊಸ ಬಿಳಿ ಅಂಗಿ ಹಾಕಿದ್ದರು. ಎದೆಯ ಮೇಲೆ ಏನೂ ಇರಲಿಲ್ಲ. ನನಗೆ ಅವರನ್ನು ಹಾಗೆ ನೋಡಿ ಅಭ್ಯಾಸವಿಲ್ಲ, ಹಲ್ಲು ಸೆಟ್ಟು ಮನೆಯಲ್ಲಿ ಬಿಟ್ಟು ಬಂದವರ ಹಾಗೆ ಕಂಡರು. ದಾರಿಯುದ್ದಕ್ಕೂ ಅವರ ಬಲಗೈ ಆಗಾಗ ಎಡಗಡೆ ಜೇಬಿನ ಮೇಲೆ ಹೋಗಿ ವಾಪಸು ಬರುತ್ತಿತ್ತು.

ಪೆಟ್ಟಿಗೆಯಲ್ಲಿ ಬಿಲ್ಲೆ ಒಂದೇ ಕೂತಿತ್ತು, ಕೆಳಗೆ ರೇಷ್ಮೆಯ ಬಟ್ಟೆ. ಮೇಲೆ ಬೋರ್ಡು, ‘ನೀಲಮ್ಮ ಏಕಾಂತಯ್ಯ ಅವರ ಸಂಗ್ರಹ’. ಹೆಂಡತಿಯ ಹೆಸರಿನ ಬಾಲದಲ್ಲಿ ಗಂಡನಿಗೂ ಜಾಗ ಸಿಕ್ಕಿತ್ತು. ಏಕಾಂತಯ್ಯನವರು ಕನ್ನಡಕ ಒರೆಸಿ ಅದನ್ನು ಓದಿದರು. ಮತ್ತೆ ಓದಿದರು. “ಅಕ್ಷರ ಚೆನ್ನಾಗಿ ಬಂದಿದೆ,” ಎಂದಷ್ಟೇ ಹೇಳಿದರು. ಹುಡುಗಿಯರು ಗುಂಪುಗುಂಪಾಗಿ ಬಂದು ಕತೆ ಓದಿ, ನೀಲಮ್ಮನ ಜೊತೆ ಫೋಟೋ ತೆಗೆಸಿಕೊಂಡರು. ಫೋಟೋ ತೆಗೆಯಲು ಮೊಬೈಲನ್ನು ಏಕಾಂತಯ್ಯನವರ ಕೈಗೇ ಕೊಡುತ್ತಿದ್ದರು.

ಊಟದ ಹೊತ್ತಾಯಿತು. ಕಾಲೇಜಿನ ಹಿಂದಿನ ಹಾಲ್‌ನಲ್ಲಿ ಎಲೆ ಹಾಕಿದ್ದರು. ಬಾಗಿಲಲ್ಲಿ ಶಾಲು ಹೊದ್ದ ಒಬ್ಬ ವಿದ್ಯಾರ್ಥಿ ನಿಂತಿದ್ದ. ಬೆಳಿಗ್ಗೆಯೇ ನೀಲಮ್ಮನಿಗೆ ರಿಬ್ಬನ್ನು ಇಳಿಬಿಟ್ಟ ‘ಅತಿಥಿ’ ಎಂಬ ಬ್ಯಾಡ್ಜು ಚುಚ್ಚಿದ್ದರು. ಅವರನ್ನು ನೋಡಿ ಹುಡುಗ ಬನ್ನಿ ಮೇಡಂ ಎಂದು ದಾರಿ ಬಿಟ್ಟ. ಹಿಂದೆ ಬಂದ ಏಕಾಂತಯ್ಯನವರ ಎದೆ ನೋಡಿ ಕೈ ಅಡ್ಡ ಹಿಡಿದ.

“ಸಾರ್, ಫಸ್ಟ್ ಪಂಕ್ತಿ ಬ್ಯಾಡ್ಜ್ ಇರೋರಿಗೆ ಮಾತ್ರ. ನೀವು ನೆಕ್ಸ್ಟ್.”

ಏಕಾಂತಯ್ಯನವರ ಕೈ ಎದೆಗೆ ಹೋಯಿತು. ಅಲ್ಲಿ ಬಟ್ಟೆ ಬಿಟ್ಟರೆ ಏನೂ ಇರಲಿಲ್ಲ. ಇಂಥ ಬಾಗಿಲುಗಳನ್ನು ಚಡ್ಡಿಯ ಕಾಲದಿಂದ ಯಾಮಾರಿಸಿಕೊಂಡು ಬಂದ ಮನುಷ್ಯ ಸುಮ್ಮನೆ ಪಕ್ಕಕ್ಕೆ ಸರಿದು ನಿಂತರು. ನಿಜ ಹೇಳಬೇಕೆಂದರೆ ಆ ಹುಡುಗನ ಕೆನ್ನೆಗೆ ಎರಡು ಬಿಡಬೇಕು ಅನ್ನಿಸಿತು ನನಗೆ.

ಒಳಗೆ ಎಲೆಯ ಮುಂದೆ ಕೂತಿದ್ದ ನೀಲಮ್ಮ ತಿರುಗಿ ನೋಡಿದರು. ಅಲ್ಲಿಂದಲೇ ಕೂಗಿದರು. “ಏ ಮರಿ, ಅವರು ನಮ್ಮನೆಯೋರು ಕಣೋ. ಬಿಡು ಒಳಗೆ.”

ಹುಡುಗ ಆಗ ಏಕಾಂತಯ್ಯನವರ ಮುಖ ನೋಡಿದ. “ಸಾರಿ ಸಾರ್, ಗೊತ್ತಾಗ್ಲಿಲ್ಲ, ಬನ್ನಿ ಬನ್ನಿ,” ಎಂದು ಕೈ ತೆಗೆದ. ಅವರು ಹೋಗಿ ಹೆಂಡತಿಯ ಪಕ್ಕದಲ್ಲಿ ಕೂತರು. ನಾನೂ ಅವರ ಹಿಂದೆಯೇ ನುಗ್ಗಲು ನೋಡಿದೆ, ನನ್ನನ್ನು ಬಿಡಲಿಲ್ಲ. ಬಾಗಿಲಲ್ಲಿ ಎರಡನೆಯ ಪಂಕ್ತಿಗೆ ಕಾಯುತ್ತಾ ನಿಂತೆ.

ಹೋಳಿಗೆ ಬಂತು. ತುಪ್ಪ ಬಂತು. ನೀಲಮ್ಮ ಎಲೆಯ ಮೇಲೆ ಬಗ್ಗಿದಾಗ ರಿಬ್ಬನ್ನು ಸಾರಿಗೆ ಇಳಿಯಿತು. ಅವರು ಬ್ಯಾಡ್ಜನ್ನು ಬಿಚ್ಚಿ, ಎಡಗೈಯಲ್ಲಿ ಗಂಡನ ಮುಂದೆ ಹಿಡಿದರು.

“ತಗೊಳ್ಳಿ. ನಿಮ್ಮ ಡಬ್ಬಕ್ಕೆ. ಹಾಕ್ಕೊಳ್ತೀರಾ?”

ಏಕಾಂತಯ್ಯನವರು ಅದನ್ನು ನೋಡಿದರು. ಹೊಸದು, ಹೊಳೆಯುವ ಅಕ್ಷರ, ಅವರ ಕಣ್ಣಲ್ಲಿ ಆಸೆ ಇರಲಿಲ್ಲ ಎಂದರೆ ನಾನು ಸುಳ್ಳು ಹೇಳಿದ ಹಾಗೆ. ಆದರೂ ಹೋಳಿಗೆ ಮುರಿದು ತುಪ್ಪಕ್ಕೆ ಅದ್ದಿದರು.

“ಬೇಡ ಬಿಡು,” ಎಂದರು. “ಹೊಸ ಅಂಗಿ. ತೂತಾಗುತ್ತೆ.”